ಸೋಲಾರ್ ಬಿಸಿನೀರು ಶವರ್‌ಗೆ ಸರಿಯಾಗಿ ಬರುತ್ತಿಲ್ಲವಾ? ನಲ್ಲಿಯಿಂದ ತಾರಸಿಯವರೆಗೆ ದೋಷ ಹುಡುಕುವ ಬಗೆ

ತಾರಸಿ ಮೇಲೆ ಸೋಲಾರ್ ಇದೆ. ಬಿಸಿಲಿಗೆ ನಮ್ಮ ಕಡೆ ಬರವಿಲ್ಲ. ಆದರೂ ಬೆಳಗ್ಗೆ ಶವರ್ ತಿರುಗಿಸಿದರೆ ಬಿಸಿನೀರು ಸಣ್ಣಗೆ ಬರುತ್ತದೆ, ಇಲ್ಲವೇ ಧಾರಾಳವಾಗಿ ಬಂದರೂ ಉಗುರುಬೆಚ್ಚಗಿರುತ್ತದೆ. ಕೋಲಾರ, ಮುಳಬಾಗಿಲು, ಚಿಂತಾಮಣಿ, ಆ ಕಡೆ ಮಧುಗಿರಿ, ಪಾವಗಡದವರೆಗೂ ಈ ದೂರು ಕೇಳುತ್ತಲೇ ಇರುತ್ತೇವೆ. ಆಗ ಹೆಚ್ಚಿನವರು ಮಾಡುವುದು ಎರಡೇ ಕೆಲಸ. ಪ್ರೆಶರ್ ಪಂಪ್ ತಂದು ಹಾಕಿಸುತ್ತಾರೆ, ಇಲ್ಲವೇ ಸೋಲಾರ್ ಹಳೆಯದಾಯಿತು ಅಂತ ಹೊಸದಕ್ಕೆ ದುಡ್ಡು ಹೊಂದಿಸುತ್ತಾರೆ. ದಯವಿಟ್ಟು ಎರಡನ್ನೂ ಸ್ವಲ್ಪ ದಿನ ತಡೆಯಿರಿ. ದೋಷ ಎಲ್ಲಿದೆ ಅಂತ ಗೊತ್ತಾಗದೆ ಪಂಪ್ ಹಾಕಿದರೆ ಕೆಲವು ಮನೆಗಳಲ್ಲಿ ಬಿಸಿನೀರು ಇನ್ನಷ್ಟು ಕಡಿಮೆಯಾಗುತ್ತದೆ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಮೊದಲು ಒಂದೇ ಪ್ರಶ್ನೆಗೆ ಉತ್ತರ ಬೇಕು: ನಿಮ್ಮ ತೊಂದರೆ ನೀರಿನ ಹರಿವಿನದೋ, ಬಿಸಿಯದೋ? ಇವೆರಡೂ ಬೇರೆ ಬೇರೆ ಕಾಯಿಲೆ. ಬಚ್ಚಲಲ್ಲಿ ನಿಂತು ನೋಡಿದಾಗ ಎರಡೂ ಒಂದೇ ಥರ ಕಾಣುತ್ತವೆ, ಅದಕ್ಕೇ ಜನ ಗೊಂದಲಕ್ಕೆ ಬೀಳುತ್ತಾರೆ.

ಬಕೆಟ್ ಪರೀಕ್ಷೆ

ಹತ್ತು ಲೀಟರ್ ಬಕೆಟ್ ತಗೊಳ್ಳಿ. ಶವರ್ ಬೇಡ, ಬಿಸಿ ತಣ್ಣೀರು ಬೆರೆಸುವ ಮಿಕ್ಸರ್‌ನ ಕೆಳಗಿನ ನಲ್ಲಿ ಸಾಕು. ತಣ್ಣೀರು ಮಾತ್ರ ಬಿಟ್ಟು ಬಕೆಟ್ ತುಂಬಲು ಎಷ್ಟು ಹೊತ್ತಾಗುತ್ತದೆ ನೋಡಿ. ಆಮೇಲೆ ಬಿಸಿನೀರು ಮಾತ್ರ ಬಿಟ್ಟು ನೋಡಿ. ಎರಡೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ತುಂಬಿದರೆ ಬಿಸಿನೀರಿನ ಲೈನ್ ಚೆನ್ನಾಗಿದೆ, ತೊಂದರೆ ಶವರ್ ತಲೆಯಲ್ಲಿದೆ ಅಥವಾ ಬಿಸಿಯದ್ದಾಗಿದೆ. ತಣ್ಣೀರು ಒಂದು ನಿಮಿಷಕ್ಕೆ ತುಂಬಿ ಬಿಸಿನೀರಿಗೆ ಮೂರು ನಿಮಿಷ ಹಿಡಿದರೆ ಬಿಸಿನೀರಿನ ದಾರಿಯಲ್ಲಿ ಎಲ್ಲೋ ಕಟ್ಟಿಕೊಂಡಿದೆ. ಎರಡೂ ನಿಧಾನ ಅಂದರೆ ಟ್ಯಾಂಕ್ ಎತ್ತರ ಸಾಲದು, ಇಲ್ಲವೇ ಮುಖ್ಯ ಲೈನಿನ ವಾಲ್ವ್ ಪೂರ್ತಿ ತೆರೆದಿಲ್ಲ.

ಇದೇ ಪರೀಕ್ಷೆಯನ್ನು ಮನೆಯ ಇನ್ನೊಂದು ಬಿಸಿನೀರಿನ ನಲ್ಲಿಯಲ್ಲೂ ಮಾಡಿ, ಅಡುಗೆಮನೆಯದ್ದಾದರೂ ಸರಿ. ಒಂದೇ ಬಚ್ಚಲಲ್ಲಿ ನಿಧಾನವಾದರೆ ದೋಷ ಆ ಬಚ್ಚಲಲ್ಲೇ ಇದೆ, ತಾರಸಿ ಹತ್ತುವ ಅಗತ್ಯವೇ ಇಲ್ಲ. ಎಲ್ಲ ಕಡೆ ನಿಧಾನವಾದರೆ ಮಾತ್ರ ಮೇಲೆ ಹೋಗಿ.

ಇಲ್ಲಿ ಎತ್ತರದ ಲೆಕ್ಕ ಸ್ವಲ್ಪ ತಿಳಿದಿರಲಿ. ಪಂಪ್ ಇಲ್ಲದ ಮನೆಯಲ್ಲಿ ಒತ್ತಡ ಬರುವುದು ಟ್ಯಾಂಕಿನ ಎತ್ತರದಿಂದ ಮಾತ್ರ. ಪ್ರತಿ ಒಂದು ಮೀಟರಿಗೆ ಸುಮಾರು 0.1 ಬಾರ್. ಒಂದೇ ಅಂತಸ್ತಿನ ಮನೆ, ತಾರಸಿಯ ತಣ್ಣೀರಿನ ಸಿಂಟೆಕ್ಸ್ ಟ್ಯಾಂಕ್ ಏಳೆಂಟು ಅಡಿ ಸ್ಟ್ಯಾಂಡ್ ಮೇಲೆ ಕೂತಿದೆ ಅಂದುಕೊಳ್ಳಿ. ಶವರ್ ತಲೆಯಿಂದ ಟ್ಯಾಂಕಿನ ತಳಕ್ಕೆ ಹತ್ತು ಅಡಿ, ಅಂದರೆ ಮೂರು ಮೀಟರ್. ಸಿಗುವುದು 0.3 ಬಾರ್ ಅಷ್ಟೇ. ಅಂಗಡಿಯಲ್ಲಿ ಚೆನ್ನಾಗಿ ಕಂಡ ದೊಡ್ಡ ತಟ್ಟೆಯ ರೇನ್ ಶವರ್ ತಂದಿದ್ದರೆ ಅದಕ್ಕೆ ಇದು ಸಾಲುವುದಿಲ್ಲ. ಅದು ದೋಷವಲ್ಲ, ಆಯ್ಕೆ ತಪ್ಪಿದೆ. ಸಣ್ಣ ತಲೆಯ ಮಾಮೂಲಿ ಶವರ್ ಹಾಕಿ ನೋಡಿ, ವ್ಯತ್ಯಾಸ ತಕ್ಷಣ ಕಾಣುತ್ತದೆ.

ಹರಿವು ಕಡಿಮೆ: ಸುಣ್ಣದ ಕಾಟ

ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು, ನಮ್ಮ ಈ ಮೂರೂ ಜಿಲ್ಲೆಗಳಲ್ಲಿ ಇದೇ ದೊಡ್ಡ ವಿಷಯ. ಸಾವಿರ ಅಡಿ ದಾಟಿದ ಬೋರ್‌ಗಳು ಇಲ್ಲಿ ಹೊಸದಲ್ಲ, ಅಷ್ಟು ಆಳದ ಬಂಡೆಯ ಸಂದಿನಿಂದ ಬರುವ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಕರಗಿರುತ್ತವೆ. ಕುಡಿಯುವ ನೀರಿನ ಗಡಸುತನಕ್ಕೆ ಭಾರತೀಯ ಮಾನಕ ಸಂಸ್ಥೆ (ಬಿಐಎಸ್) ಹೇಳುವ ಮಿತಿ ಲೀಟರಿಗೆ 200 ಮಿಲಿಗ್ರಾಂ, ಬೇರೆ ನೀರೇ ಇಲ್ಲದ ಕಡೆ 600ರವರೆಗೆ ಒಪ್ಪಬಹುದು. ನಿಮ್ಮ ಬೋರ್ ನೀರು ಎಷ್ಟಿದೆ ಅಂತ ಒಮ್ಮೆ ಲ್ಯಾಬಿನಲ್ಲಿ ನೋಡಿಸಿ. ಟಿಡಿಎಸ್ ಮೀಟರ್ ಅದ್ದಿ ನೋಡಿದರೆ ಗಡಸುತನ ಗೊತ್ತಾಗುವುದಿಲ್ಲ, ಅದು ಕರಗಿರುವ ಎಲ್ಲ ಲವಣಗಳನ್ನೂ ಸೇರಿಸಿ ಅಂದಾಜು ಹೇಳುತ್ತದೆ.

ತಣ್ಣೀರಿನ ಪೈಪಿಗಿಂತ ಬಿಸಿನೀರಿನ ಪೈಪೇ ಮೊದಲು ಕಟ್ಟುವುದಕ್ಕೂ ಕಾರಣ ಇದೇ. ನೀರು ಕಾದಾಗ ಅದರಲ್ಲಿನ ಕ್ಯಾಲ್ಸಿಯಂ ಬೈಕಾರ್ಬೊನೇಟ್ ಒಡೆದು ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ ಪೈಪಿನ ಒಳಗೋಡೆಗೆ ಅಂಟುತ್ತದೆ, ನಾವು ಸುಣ್ಣ ಅನ್ನುವುದು ಇದನ್ನೇ. 60 ಡಿಗ್ರಿ ದಾಟಿದ ಮೇಲೆ ಈ ಕೆಲಸ ಇನ್ನೂ ಜೋರು. ಬೇಸಿಗೆಯಲ್ಲಿ ನಮ್ಮ ಸೋಲಾರ್ ಟ್ಯಾಂಕ್ 60 ಡಿಗ್ರಿ ಸುಲಭವಾಗಿ ದಾಟುತ್ತದೆ, ಅದರಲ್ಲೂ ಮನೆಮಂದಿ ಊರಿಗೆ ಹೋಗಿ ನಾಲ್ಕು ದಿನ ನೀರು ಬಳಸದೆ ಬಿಟ್ಟರೆ.

ಹುಡುಕುವುದನ್ನು ಕೆಳಗಿನಿಂದ ಶುರು ಮಾಡಿ. ಶವರ್ ತಲೆಯನ್ನು ಬಿಚ್ಚಿ, ಬರೀ ತೋಳಿನಿಂದ ನೀರು ಬಿಡಿ. ಜೋರಾಗಿ ಬಂದರೆ ತಲೆಯೊಳಗೆ ಸುಣ್ಣ ಕಟ್ಟಿದೆ. ಒಂದು ಲೀಟರ್ ಬೆಚ್ಚಗಿನ ನೀರಿಗೆ ಎರಡು ಮೂರು ಚಮಚ ಸಿಟ್ರಿಕ್ ಆಸಿಡ್ ಪುಡಿ ಹಾಕಿ, ಅದೇ ಅಂಗಡಿಯವರು ನಿಂಬೆ ಉಪ್ಪು ಅಂತ ಕೊಡುವುದು, ಅದರಲ್ಲಿ ಒಂದೆರಡು ಗಂಟೆ ನೆನೆಸಿ. ಗುಳ್ಳೆ ಏಳುತ್ತಿದ್ದರೆ ಸುಣ್ಣ ಕರಗುತ್ತಿದೆ ಅಂತ ಅರ್ಥ. ಆಮೇಲೆ ಹಳೆ ಹಲ್ಲುಜ್ಜುವ ಬ್ರಶ್ಶಿನಿಂದ ಉಜ್ಜಿ ತೊಳೆಯಿರಿ. ತೂತುಗಳು ರಬ್ಬರಿನವಾದರೆ ಹೆಬ್ಬೆರಳಲ್ಲಿ ಉಜ್ಜಿದರೂ ಬಿಳಿ ಪುಡಿ ಉದುರುತ್ತದೆ. ಇಡೀ ರಾತ್ರಿ ನೆನೆಸಬೇಡಿ, ಹೊಳಪಿನ ಲೇಪ ಹಾಳಾಗುತ್ತದೆ. ಪ್ಲಾಸ್ಟಿಕ್ ಬಕೆಟ್ಟಿನಲ್ಲೇ ಮಾಡಿ. ಮೊಸಾಯಿಕ್ ಅಥವಾ ಮಾರ್ಬಲ್ ನೆಲದ ಮೇಲೆ ಚೆಲ್ಲಿದರೆ ಕಲೆ ನಿಲ್ಲುತ್ತದೆ, ಯಾಕೆಂದರೆ ಆ ಕಲ್ಲೂ ಕ್ಯಾಲ್ಸಿಯಂ ಕಾರ್ಬೊನೇಟೇ.

ಬಾತ್‌ರೂಮ್ ತೊಳೆಯುವ ಖಾರದ ಆಸಿಡ್ ಇದಕ್ಕೆ ಬೇಡವೇ ಬೇಡ. ಅದು ಹಿತ್ತಾಳೆ, ಕ್ರೋಮ್, ಸ್ಟೀಲ್ ಎಲ್ಲವನ್ನೂ ತಿನ್ನುತ್ತದೆ. ಬ್ಲೀಚಿಂಗ್ ಪುಡಿ ಇದ್ದ ಬಕೆಟ್ಟಿಗೆ ಯಾವ ಆಸಿಡ್ ಬಿದ್ದರೂ ಕ್ಲೋರಿನ್ ಅನಿಲ ಏಳುತ್ತದೆ, ಬಾಗಿಲು ಹಾಕಿದ ಬಚ್ಚಲಲ್ಲಿ ಅದು ಪ್ರಾಣಕ್ಕೇ ಅಪಾಯ.

ತಲೆ ಬಿಚ್ಚಿದರೂ ಹರಿವು ಕಡಿಮೆಯೇ? ಹಾಗಾದರೆ ಆಂಗಲ್ ಕಾಕ್ (ಗೋಡೆಯ ಹತ್ತಿರ ನೀರು ನಿಲ್ಲಿಸುವ ಸಣ್ಣ ವಾಲ್ವ್) ಮತ್ತು ಮಿಕ್ಸರ್ ನೋಡಿ. ಮಿಕ್ಸರ್ ಗೋಡೆಗೆ ಸೇರುವ ಜಾಗದಲ್ಲಿ ಎಷ್ಟೋ ಮಾಡೆಲ್‌ಗಳಿಗೆ ಒಂದು ಸಣ್ಣ ಜಾಲರಿ ವಾಶರ್ ಇರುತ್ತದೆ. ಬಿಸಿನೀರಿನ ಕಡೆಯ ಜಾಲರಿಯಲ್ಲಿ ಬಿಳಿ ಚಕ್ಕೆ, ಮರಳು ತುಂಬಿ ಕೂತಿರುವುದು ತುಂಬಾ ಸಾಮಾನ್ಯ. ಗೀಸರ್‌ಗೆ ಹೋಗುವ ಹೆಣೆದ ಪೈಪ್ ಮಡಚಿಕೊಂಡಿದೆಯಾ ಅಂತಲೂ ನೋಡಿ.

ಹೊಸ ಶವರ್ ಹಾಕಿದ ವಾರದಲ್ಲೇ ಹರಿವು ಬಿದ್ದರೆ ಸುಣ್ಣವನ್ನು ಬೈಯಬೇಡಿ. ಪೈಪಿನಲ್ಲಿದ್ದ ಮರಳು, ಥ್ರೆಡ್ ಕತ್ತರಿಸಿದ ಚೂರು ಬಂದು ಕಟ್ಟಿರುತ್ತವೆ. ತಲೆ ಹಾಕುವ ಮುಂಚೆ ತೋಳಿನಿಂದ ಎರಡು ಬಕೆಟ್ ನೀರು ಹರಿಸಿಬಿಟ್ಟಿದ್ದರೆ ಇದು ಆಗುತ್ತಿರಲಿಲ್ಲ. ಇನ್ನೊಂದು, ತೋಳಿಗೆ ಟೆಫ್ಲಾನ್ ಟೇಪ್ ಸುತ್ತಿ ಕೂರಿಸುವಾಗ ಪಾನಾ ಹಾಕಿ ಪೂರ್ತಿ ಬಲ ಬಿಡಬೇಡಿ. ಗೋಡೆಯೊಳಗಿನ ಸಿಪಿವಿಸಿ (ಬಿಸಿನೀರು ತಡೆಯುವ ಪ್ಲಾಸ್ಟಿಕ್) ಎಲ್ಬೋ ಬಿರುಕು ಬಿಟ್ಟರೆ ಮುಂದೆ ಏನೂ ಕಾಣುವುದಿಲ್ಲ, ತಿಂಗಳಾದ ಮೇಲೆ ಪಕ್ಕದ ರೂಮಿನ ಗೋಡೆಯಲ್ಲಿ ತೇವ ಹತ್ತುತ್ತದೆ.

ಮನೆಯ ಎಲ್ಲ ನಲ್ಲಿಯಲ್ಲೂ ಬಿಸಿನೀರು ಸಣ್ಣಗೆ ಬರುತ್ತಿದ್ದರೆ ತಾರಸಿಗೆ ಹೋಗಿ. ಮೊದಲು ಸಿಂಟೆಕ್ಸಿನಲ್ಲಿ ನೀರು ಎಷ್ಟಿದೆ ನೋಡಿ. ಇದನ್ನು ಮರೆಯುವವರೇ ಜಾಸ್ತಿ. ಸೋಲಾರ್ ಟ್ಯಾಂಕಿನಿಂದ ಬಿಸಿನೀರು ಹೊರಡುವುದು ಅದರ ಮೇಲ್ಭಾಗದಿಂದ. ಸಿಂಟೆಕ್ಸಿನ ನೀರಿನ ಮಟ್ಟ ಆ ಬಾಯಿಗಿಂತ ಕೆಳಗೆ ಇಳಿದರೆ ಬಿಸಿನೀರು ನಿಂತೇ ಹೋಗುತ್ತದೆ, ತಣ್ಣೀರು ಮಾತ್ರ ಆರಾಮಾಗಿ ಬರುತ್ತಿರುತ್ತದೆ. ಟ್ಯಾಂಕ್ ತುಂಬಿದಾಗ ಸರಿ, ಅರ್ಧವಾದಾಗ ಬಿಸಿನೀರಿಲ್ಲ ಅನ್ನುವ ಮನೆಗಳಲ್ಲಿ ಬಹುತೇಕ ಕಾರಣ ಇದೇ. ಸಿಂಟೆಕ್ಸಿನ ತಳವೇ ಸೋಲಾರ್ ಟ್ಯಾಂಕಿನ ತಲೆಗಿಂತ ಮೇಲಿರಬೇಕು. ಇಲ್ಲದಿದ್ದರೆ ಸ್ಟ್ಯಾಂಡ್ ಎತ್ತರಿಸದೆ ಬೇರೆ ದಾರಿಯಿಲ್ಲ.

ಟ್ಯಾಂಕ್ ತುಂಬಿದ್ದರೆ ಸೋಲಾರ್‌ಗೆ ಹೋಗುವ ತಣ್ಣೀರಿನ ವಾಲ್ವ್ ನೋಡಿ. ಹಳೆಯ ಗೇಟ್ ವಾಲ್ವ್ ಆದರೆ ಚಕ್ರ ಸುತ್ತುತ್ತದೆ, ಒಳಗಿನ ಗೇಟ್ ಮಾತ್ರ ಕಳಚಿ ಕೆಳಗೇ ಬಿದ್ದಿರುತ್ತದೆ. ಗಡಸು ನೀರಿಗೆ ಬಾಲ್ ವಾಲ್ವೇ ವಾಸಿ, ತಿಂಗಳಿಗೊಮ್ಮೆ ಸುಮ್ನೆ ಮುಚ್ಚಿ ತೆರೆದರೆ ಅಂಟಿಕೊಳ್ಳುವುದಿಲ್ಲ. ಅದೂ ಸರಿಯಿದ್ದರೆ ಉಳಿಯುವುದು ಸೋಲಾರ್ ಟ್ಯಾಂಕಿನ ಬಿಸಿನೀರಿನ ಬಾಯಿಗೆ ಹಾಕಿರುವ ಜಿಐ ನಿಪ್ಪಲ್, ಅಂದರೆ ಸತು ಲೇಪದ ಕಬ್ಬಿಣದ ಗಿಡ್ಡ ಪೈಪ್ ತುಂಡು. ಒಳಗೆ ತುಕ್ಕು ಮತ್ತು ಸುಣ್ಣ ಎರಡೂ ಸೇರಿ ಮುಕ್ಕಾಲು ಇಂಚಿನ ದಾರಿ ಪೆನ್ಸಿಲ್ ತೂರುವಷ್ಟಕ್ಕೆ ಬಂದಿರುತ್ತದೆ. ಅದನ್ನು ಕೆರೆಯುತ್ತಾ ಕೂರಬೇಡಿ, ಬದಲಾಯಿಸಿ. ಆದರೆ ಟ್ಯಾಂಕ್ ಪೂರ್ತಿ ಖಾಲಿ ಮಾಡುವ ಕೆಲಸ ಅದು, ಬಿಸಿಲಿಳಿದ ಮೇಲೆ ಮಾಡಿಸಿ.

ಗುಳುಗುಳು ಅಂದು ನಿಂತುಹೋದರೆ

ಕರೆಂಟ್ ಕೈಕೊಟ್ಟು ಸಂಪಿನಿಂದ ನೀರು ಏರಿಸಲಾಗದೆ ಟ್ಯಾಂಕ್ ಖಾಲಿಯಾಗಿ, ಮತ್ತೆ ತುಂಬಿಸಿದ ಮೇಲೆ ಬಿಸಿನೀರು ಮಾತ್ರ ಬರುತ್ತಿಲ್ಲ. ನಲ್ಲಿ ತೆರೆದರೆ ಗಾಳಿ ಉಸುರುತ್ತದೆ, ನಾಲ್ಕು ಹನಿ ಬೀಳುತ್ತದೆ, ಸುಮ್ಮನಾಗುತ್ತದೆ. ಇದು ಏರ್ ಲಾಕ್. ಪೈಪ್ ಪ್ಯಾರಾಪೆಟ್ ಹತ್ತಿ ಇಳಿದಿರುವ ಕಡೆ ಆ ಗುಬ್ಬಿನ ತುದಿಯಲ್ಲಿ ಗಾಳಿ ಸಿಕ್ಕಿಕೊಂಡಿರುತ್ತದೆ, ಟ್ಯಾಂಕಿನ ಸಣ್ಣ ಒತ್ತಡಕ್ಕೆ ಅದನ್ನು ತಳ್ಳುವ ಶಕ್ತಿ ಇರುವುದಿಲ್ಲ.

ಸಿಂಟೆಕ್ಸ್ ತುಂಬಿರಲಿ. ಮಿಕ್ಸರ್‌ನ ಕೆಳನಲ್ಲಿಯ ಬಾಯಿಗೆ ದಪ್ಪ ಬಟ್ಟೆ ಹಿಡಿದು ಅಂಗೈಯಿಂದ ಗಟ್ಟಿಯಾಗಿ ಒತ್ತಿ, ಬಿಸಿ ತಣ್ಣೀರು ಎರಡೂ ಕಡೆ ಪೂರ್ತಿ ತೆರೆಯಿರಿ. ತಣ್ಣೀರು ಹೊರಬರಲು ದಾರಿಯಿಲ್ಲದೆ ಬಿಸಿನೀರಿನ ಪೈಪಿಗೆ ಹಿಂದಕ್ಕೆ ನುಗ್ಗಿ ಗಾಳಿಯನ್ನು ಮೇಲಕ್ಕೆ ದೂಡುತ್ತದೆ. ಅರ್ಧ ನಿಮಿಷ ಹಿಡಿದು, ತಣ್ಣೀರು ಮುಚ್ಚಿ, ಕೈ ತೆಗೆದು ನೋಡಿ. ಒಂದೇ ಸಲಕ್ಕೆ ಆಗದಿದ್ದರೆ ಮತ್ತೆ ಮಾಡಿ. ಇದನ್ನು ಬೆಳಗ್ಗೆ ಹೊತ್ತು ಮಾಡಿ, ಮಧ್ಯಾಹ್ನ ಬೇಡ. 60 ಡಿಗ್ರಿ ನೀರು ಕೆಲವೇ ಸೆಕೆಂಡಿನಲ್ಲಿ ಚರ್ಮ ಸುಡುತ್ತದೆ. ಪದೇ ಪದೇ ಹೀಗಾಗುತ್ತಿದ್ದರೆ ಆ ಗುಬ್ಬನ್ನೇ ತೆಗೆಸಿ, ಪೈಪ್ ಒಂದೇ ಸಮನೆ ಇಳಿಜಾರಾಗಿ ಬರುವ ಹಾಗೆ ಮಾಡಿಸಿ.

ನೀರು ಧಾರಾಳ, ಬಿಸಿ ಮಾತ್ರ ಇಲ್ಲ

ಇಲ್ಲಿಗೆ ಬಂದಾಗ ಎಲ್ಲರೂ ಗಾಜಿನ ಟ್ಯೂಬುಗಳನ್ನು ಅನುಮಾನಿಸುತ್ತಾರೆ. ನನ್ನ ಅನುಭವದಲ್ಲಿ ಅದಕ್ಕಿಂತ ಜಾಸ್ತಿ ಸಿಗುವ ಕಾರಣ ತಣ್ಣೀರು ಕದ್ದು ಬೆರೆಯುವುದು. ಕಣ್ಣಿಗೆ ಕಾಣದ ದೋಷ ಇದು, ಅದಕ್ಕೇ ವರ್ಷಗಟ್ಟಲೆ ಹಾಗೇ ಉಳಿಯುತ್ತದೆ.

ಮೊದಲು ಸಂಜೆ ನಾಲ್ಕರ ಸುಮಾರಿಗೆ ತಾರಸಿಗೆ ಹೋಗಿ ಸೋಲಾರ್ ಟ್ಯಾಂಕಿಗೆ ಹತ್ತಿರದ ಬಿಸಿನೀರಿನ ಪೈಪ್ ಮುಟ್ಟಿ ನೋಡಿ, ಕೆಳಗೆ ಯಾರಾದರೂ ನಲ್ಲಿ ಬಿಟ್ಟಿರಲಿ. ಹುಷಾರು, ತಟಕ್ಕನೆ ಮುಟ್ಟಿ ಕೈ ತೆಗೆಯಿರಿ. ಅಲ್ಲಿ ಸುಡುತ್ತಿದೆ, ಕೆಳಗೆ ನಲ್ಲಿಯಲ್ಲಿ ಎಷ್ಟು ಬಿಟ್ಟರೂ ಬೆಚ್ಚಗೆ ಮಾತ್ರ ಅಂದರೆ ದಾರಿಯಲ್ಲಿ ತಣ್ಣೀರು ಸೇರುತ್ತಿದೆ. ಪೈಪಿನಲ್ಲಿ ನಿಂತ ಹಳೆ ತಣ್ಣೀರನ್ನು ಇದಕ್ಕೆ ಸೇರಿಸಬೇಡಿ. ಮುಕ್ಕಾಲು ಇಂಚಿನ ಸಿಪಿವಿಸಿ ಪೈಪ್ ಮೀಟರಿಗೆ ಸುಮಾರು ಕಾಲು ಲೀಟರ್ ಹಿಡಿಯುತ್ತದೆ, 16 ಮೀಟರ್ ಓಡಿದ್ದರೆ ಮೊದಲ ನಾಲ್ಕು ಲೀಟರ್ ತಣ್ಣಗೇ ಬರಬೇಕು. ಅದನ್ನು ಗಿಡಕ್ಕೆ ಹಾಕಿ, ನಮ್ಮೂರಿನಲ್ಲಿ ನೀರು ಚೆಲ್ಲುವ ಹಾಗಿಲ್ಲ ಅಲ್ವಾ.

ಈಗ ನಿಜವಾದ ಪರೀಕ್ಷೆ. ತಾರಸಿಯಲ್ಲಿ ಸೋಲಾರ್‌ಗೆ ಹೋಗುವ ತಣ್ಣೀರಿನ ವಾಲ್ವನ್ನು ಪೂರ್ತಿ ಮುಚ್ಚಿ. ಗೀಸರ್ ಇದ್ದರೆ ಸ್ವಿಚ್ ಆಫ್ ಮಾಡಿ. ಕೆಳಗೆ ಬಂದು ಒಂದು ನಲ್ಲಿಯಲ್ಲಿ ಬಿಸಿನೀರು ಮಾತ್ರ ತೆರೆಯಿರಿ. ಪೈಪಿನಲ್ಲಿದ್ದ ನೀರು ಸುರಿದು, ಸ್ವಲ್ಪ ಹೊತ್ತಿಗೆ ಸಣ್ಣಗಾಗಿ ನಿಲ್ಲಬೇಕು. ಸೋಲಾರ್‌ಗೆ ನೀರೇ ಹೋಗುತ್ತಿಲ್ಲವಲ್ಲ, ಇನ್ನೆಲ್ಲಿಂದ ಬರಬೇಕು? ಆದರೂ ನಿಲ್ಲದೆ ತಣ್ಣಗೆ ಬರುತ್ತಲೇ ಇದ್ದರೆ ಕಳ್ಳದಾರಿ ಇದೆ ಅಂತ ಖಚಿತ. ನಲ್ಲಿ ಹಾಗೇ ಹರಿಯಲಿ, ಒಂದೊಂದೇ ಜಾಗ ಮುಚ್ಚುತ್ತಾ ಬನ್ನಿ. ಯಾವುದನ್ನು ಮುಚ್ಚಿದಾಗ ನೀರು ನಿಂತಿತೋ ಅದೇ ಜಾಗ.

ಮೊದಲು ಮುಚ್ಚಬೇಕಾದದ್ದು ಗೀಸರ್‌ನ ಒಳದಾರಿ. ಸೋಲಾರ್ ಮತ್ತು ಗೀಸರ್ ಎರಡನ್ನೂ ಒಂದೇ ಬಿಸಿನೀರಿನ ಲೈನಿಗೆ ಸೇರಿಸಿರುವ ಮನೆಗಳು ನಮ್ಮಲ್ಲಿ ತುಂಬಾ. ಮಧ್ಯೆ ಎನ್‌ಆರ್‌ವಿ (ನೀರನ್ನು ಒಂದೇ ಕಡೆಗೆ ಬಿಡುವ ವಾಲ್ವ್) ಇಲ್ಲದೆ ಎರಡರ ವಾಲ್ವೂ ತೆರೆದಿದ್ದರೆ, ಆಫ್ ಆಗಿರುವ ಗೀಸರ್ ಒಳಗಿಂದ ತಣ್ಣೀರು ಹಾಯಾಗಿ ಹಾದು ಸೋಲಾರ್ ನೀರಿಗೆ ಸೇರುತ್ತದೆ. ಸೋಲಾರ್ ಬಳಸುವಾಗ ಗೀಸರ್‌ನ ಒಳವಾಲ್ವ್ ಮುಚ್ಚಿರಲಿ. ಮುಚ್ಚಿರುವಾಗ ಗೀಸರ್ ಸ್ವಿಚ್ ಯಾರೂ ಹಾಕದಂತೆ ಅದರ ಮೇಲೆ ಚೀಟಿ ಅಂಟಿಸಿ. ಗೀಸರ್‌ಗೂ ಅದರ ಸುರಕ್ಷತಾ ವಾಲ್ವಿಗೂ ಮಧ್ಯೆ ಮಾತ್ರ ಯಾವ ವಾಲ್ವೂ ಇರಬಾರದು, ಒತ್ತಡ ಹೊರಹೋಗುವ ಬಾಗಿಲು ಅದೊಂದೇ.

ಎರಡನೆಯ ಜಾಗ ಕೈಶವರ್. ಮಿಕ್ಸರ್‌ನ ಬಿಸಿ ತಣ್ಣೀರು ಎರಡೂ ತೆರೆದಿಟ್ಟು, ಕೈಶವರ್‌ನ ಗುಂಡಿಯಲ್ಲೇ ನೀರು ನಿಲ್ಲಿಸುವ ಅಭ್ಯಾಸ ಇದ್ದರೆ ಮಿಕ್ಸರ್ ಒಳಗೆ ಎರಡೂ ಲೈನ್ ಸದಾ ಕೂಡಿಕೊಂಡಿರುತ್ತವೆ. ಒಂದು ಬಚ್ಚಲಲ್ಲಿ ಹೀಗೆ ಬಿಟ್ಟರೆ ಇಡೀ ಮನೆಯ ಬಿಸಿನೀರು ಕೆಡುತ್ತದೆ. ರಿಪೇರಿ ಬೇಕಿಲ್ಲ, ಸ್ನಾನ ಆದ ಮೇಲೆ ಎರಡೂ ನಾಬ್ ಮುಚ್ಚಿದರೆ ಆಯಿತು. ಒಂದೇ ಹಿಡಿಕೆಯ ಮಿಕ್ಸರ್ ಆದರೆ ಒಳಗಿನ ಕಾರ್ಟ್ರಿಜ್ ಸವೆದಿರಬಹುದು, ಅದನ್ನು ಬದಲಾಯಿಸಬೇಕು.

ಪಂಪ್ ವಿಷಯ ಹೇಳುತ್ತೇನೆ ಅಂದಿದ್ದೆನಲ್ಲ. ತಣ್ಣೀರಿನ ಲೈನಿಗೆ ಮಾತ್ರ ಪ್ರೆಶರ್ ಪಂಪ್ ಹಾಕಿದರೆ ಆ ಕಡೆ ಒತ್ತಡ ಜಾಸ್ತಿ, ಬಿಸಿನೀರಿನ ಕಡೆ ಬರೀ ಟ್ಯಾಂಕಿನ ಒತ್ತಡ. ಮಿಕ್ಸರ್‌ನಲ್ಲಿ ಎರಡೂ ಸೇರಿದ ತಕ್ಷಣ ತಣ್ಣೀರು ಬಿಸಿನೀರನ್ನು ಹಿಂದಕ್ಕೆ ದಬ್ಬುತ್ತದೆ. ಸೋಲಾರ್‌ಗೆ ನೀರು ಹೋಗುವ ಕಡೆ ಪಂಪ್ ಹಾಕುವುದು ಇನ್ನೂ ಅಪಾಯ. ಏರ್ ವೆಂಟ್ (ಗಾಳಿಯಾಡಲು ಬಾಯಿ ತೆರೆದ ಪೈಪ್) ಇರುವ ಮಾಮೂಲಿ ಸೋಲಾರ್ ಟ್ಯಾಂಕ್ ಒತ್ತಡ ತಡೆಯಲು ಮಾಡಿದ್ದಲ್ಲ.

ಪರೀಕ್ಷೆ ಮುಗಿದ ಮೇಲೆ ತಾರಸಿಯ ವಾಲ್ವ್ ತೆರೆಯಲು ಮರೆಯಬೇಡಿ. ಪೈಪಿನಲ್ಲಿ ಗಾಳಿ ಸೇರಿರುತ್ತದೆ, ಬಿಸಿನೀರಿನ ನಲ್ಲಿಗಳನ್ನು ಸ್ವಲ್ಪ ಹೊತ್ತು ತೆರೆದಿಡಿ.

ಸಂಜೆ ಸುಡುವಷ್ಟಿದ್ದ ನೀರು ಬೆಳಗ್ಗೆಗೆ ಆರಿಹೋಗಿದ್ದರೆ ದಾರಿ ಬೇರೆ. ರಾತ್ರಿ ಕೆಲವು ಡಿಗ್ರಿ ಇಳಿಯುವುದು ಸಹಜ. ಅದಕ್ಕಿಂತ ಜಾಸ್ತಿ ಇಳಿದರೆ, ಸಂಜೆ ಯಾರೂ ನೀರು ಬಳಸದೆ ಇರುವಾಗ ಸಿಂಟೆಕ್ಸಿನಿಂದ ಸೋಲಾರ್‌ಗೆ ಬರುವ ತಣ್ಣೀರಿನ ಪೈಪನ್ನು ಮುಟ್ಟುತ್ತಾ ಮೇಲಕ್ಕೆ ಹೋಗಿ. ಸೋಲಾರ್ ಹತ್ತಿರ ಒಂದೆರಡು ಅಡಿ ಬೆಚ್ಚಗಿದ್ದರೆ ಚಿಂತೆಯಿಲ್ಲ. ಸಿಂಟೆಕ್ಸಿನವರೆಗೂ ಬಿಸಿ ಇದ್ದರೆ ಬಿಸಿನೀರು ಹಿಂದಕ್ಕೆ ಏರುತ್ತಿದೆ, ಎನ್‌ಆರ್‌ವಿ ಕೆಟ್ಟಿದೆ ಅಥವಾ ಹಾಕಿಯೇ ಇಲ್ಲ. ಗಡಸು ನೀರಿನಲ್ಲಿ ಎನ್‌ಆರ್‌ವಿಯ ನಾಲಿಗೆಗೆ ಸುಣ್ಣ ಹಿಡಿದು ಅರ್ಧಕ್ಕೇ ನಿಲ್ಲುವುದುಂಟು.

ತಾರಸಿಯಲ್ಲೇ ನೀರು ಕಾಯದಿದ್ದರೆ ಆಗ ಟ್ಯೂಬುಗಳ ಸರದಿ. ಬಿಸಿಲೇರುವ ಮುಂಚೆ ಹೋಗಿ ಪ್ರತಿ ಟ್ಯೂಬಿನ ಕೆಳತುದಿ ನೋಡಿ. ಅಲ್ಲಿ ಬೆಳ್ಳಿಯ ಹೊಳಪಿನ ಲೇಪ ಇರುತ್ತದೆ. ಅದು ಹಾಲಿನಂತೆ ಬೆಳ್ಳಗಾಗಿದ್ದರೆ ಆ ಟ್ಯೂಬಿನ ನಿರ್ವಾತ ಹೋಗಿದೆ, ಒಡೆಯದೆ ಇದ್ದರೂ ಕೆಲಸಕ್ಕಿಲ್ಲ. ಕ್ವಾರಿ, ಕ್ರಷರ್ ಹತ್ತಿರದ ಊರುಗಳಲ್ಲಿ ಟ್ಯೂಬಿನ ಮೇಲೆ ಧೂಳು ಗಟ್ಟಿಯಾಗಿ ಕೂರುತ್ತದೆ, ಒದ್ದೆ ಬಟ್ಟೆಯಿಂದ ಒರೆಸಿ. ಡಿಸೆಂಬರ್‌ನಲ್ಲಿ ನಂದಿ ಬೆಟ್ಟದ ಸುತ್ತ ಮಂಜು ಬಿಡಲು ತಡವಾಗುವ ದಿನಗಳಲ್ಲಿ ನೀರು ಕಡಿಮೆ ಕಾದರೆ ಅದನ್ನು ದೋಷ ಅನ್ನಬೇಡಿ. ಪಕ್ಕದಲ್ಲಿ ಹೊಸ ಮಹಡಿ ಎದ್ದು ದಕ್ಷಿಣದ ಬಿಸಿಲು ಮರೆಯಾಗಿದೆಯಾ ಅದನ್ನೂ ನೋಡಿ.

ನಲ್ಲಿಯ ಬಿಸಿನೀರಿನ ಜೊತೆ ಬಿಳಿ ಚಕ್ಕೆ ಬರುತ್ತಿದ್ದರೆ ಸೋಲಾರ್ ಟ್ಯಾಂಕ್ ಮತ್ತು ಟ್ಯೂಬಿನ ತಳದಲ್ಲಿ ಸುಣ್ಣ ತುಂಬಿದೆ. ಡ್ರೇನ್ ವಾಲ್ವ್ ತೆರೆದು ಮೂರು ತಿಂಗಳಿಗೊಮ್ಮೆ ಸ್ವಲ್ಪ ನೀರು ಬಿಡಿ, ಆದರೆ ಬೆಳಗ್ಗೆ ಬೇಗ. ಪೈಪಿಗೆ ಹೊರಗಿನಿಂದ ಕಟ್ಟುವ ಸಣ್ಣ ಯಂತ್ರ ನಂಬಿಕೊಂಡು ಇದನ್ನು ಬಿಡಬೇಡಿ. ಗಡಸುತನ ನಿಜವಾಗಿ ತೆಗೆಯುವುದು ಉಪ್ಪು ಹಾಕಿ ತೊಳೆಯುವ ರೆಸಿನ್ ಸಾಫ್ಟನರ್.

ಇವಕ್ಕೆ ನೀವು ಕೈ ಹಾಕಬೇಡಿ

ಟ್ಯೂಬುಗಳು ಖಾಲಿಯಾಗಿ ಬಿಸಿಲಿನಲ್ಲಿ ಕಾದಿದ್ದರೆ ನೀರು ಬಿಡಲೇಬೇಡಿ. ಗಾಜು ಸಿಡಿಯುತ್ತದೆ. ಮೇಲೆ ಗೋಣಿಚೀಲ ಅಥವಾ ಟಾರ್ಪಾಲ್ ಹೊದಿಸಿ, ಕತ್ತಲಾಗಿ ತಣ್ಣಗಾದ ಮೇಲೆ ತುಂಬಿಸಿ.

ಏರ್ ವೆಂಟ್ ಪೈಪಿನ ಬಾಯಿ ಯಾವತ್ತೂ ತೆರೆದಿರಬೇಕು. ಮಣ್ಣಿನ ಗೂಡು ಕಟ್ಟುವ ಕಣಜಗಳಿಗೆ ಈ ಪೈಪ್ ಅಂದರೆ ಇಷ್ಟ. ಬಾಯಿ ಮುಚ್ಚಿದರೆ ನೀರು ಎಳೆದಾಗ ಟ್ಯಾಂಕ್ ಒಳಕ್ಕೆ ಕುಗ್ಗಬಹುದು, ಕಾದಾಗ ಹಿಗ್ಗಿ ಬಿರಿಯಬಹುದು. ಕಡ್ಡಿ ಹಾಕಿ ಬಿಡಿಸಬಹುದು, ಅಷ್ಟು ನಿಮ್ಮ ಕೈಲಾಗುತ್ತದೆ. ವೆಂಟಿನಿಂದ ನೀರು ತೊಟ್ಟಿಕ್ಕುತ್ತದೆ ಅಂತ ಬಿರಡೆ ಹಾಕುವವರನ್ನು ನೋಡಿದ್ದೇನೆ, ಅದು ತುಂಬಾ ಅಪಾಯ. ತೊಟ್ಟಿಕ್ಕುತ್ತಿದ್ದರೆ ವೆಂಟ್ ಸಿಂಟೆಕ್ಸಿನ ನೀರಿನ ಮಟ್ಟಕ್ಕಿಂತ ಗಿಡ್ಡವಾಗಿದೆ, ಎತ್ತರಿಸಬೇಕು.

ಸೋಲಾರ್ ಟ್ಯಾಂಕಿನೊಳಗೆ ಕರೆಂಟಿನ ಬ್ಯಾಕಪ್ ಕಾಯಿಲ್ ಇದ್ದು, ನಲ್ಲಿ ಮುಟ್ಟಿದಾಗ ಜುಮ್ ಅಂದರೂ ಸಾಕು, ಕರೆಂಟ್ ಬೋರ್ಡಿನ ಎಂಸಿಬಿ ಸ್ವಿಚ್ ಇಳಿಸಿ ಎಲೆಕ್ಟ್ರಿಷಿಯನ್ ಕರೆಸಿ. ಆ ದಿನ ಬಕೆಟ್ ಸ್ನಾನ ಆಗಲಿ, ನೀರು ಒಲೆ ಮೇಲೆ ಕಾಯಲಿ.

ಪ್ಲಂಬರ್‌ಗೆ ಫೋನ್ ಮಾಡುವಾಗ "ಅಣ್ಣಾ, ಬಿಸಿನೀರು ಬರ್ತಿಲ್ಲ" ಅಂತ ಮಾತ್ರ ಹೇಳಬೇಡಿ. ಬಕೆಟ್ ತುಂಬಿದ ಹೊತ್ತು, ಯಾವ ಬಚ್ಚಲು, ವಾಲ್ವ್ ಮುಚ್ಚಿದಾಗ ನೀರು ನಿಂತಿತೋ ಇಲ್ಲವೋ, ಇಷ್ಟು ಹೇಳಿ. ಸರಿಯಾದ ಸಾಮಾನು ಹಿಡಿದೇ ಬರುತ್ತಾರೆ. ಬಂದ ಮೇಲೆ ಪೈಪ್ ತುಂಡು ಹಾಕುವುದಾದರೆ ಸಿಪಿವಿಸಿ ಪೈಪ್, ಸಿಪಿವಿಸಿಯದೇ ಸೊಲ್ಯೂಶನ್ (ಅಂಟು) ಬಳಸುತ್ತಿದ್ದಾರಾ ನೋಡಿಕೊಳ್ಳಿ. ಸಿಪಿವಿಸಿ 90 ಡಿಗ್ರಿಯವರೆಗೂ ತಡೆಯುತ್ತದೆ, ತಣ್ಣೀರಿನ ಯುಪಿವಿಸಿ 60 ಡಿಗ್ರಿಗೇ ಮೆತ್ತಗಾಗುತ್ತದೆ. ಡಬ್ಬಿಯ ಮೇಲೆ ಬರೆದಷ್ಟು ಹೊತ್ತು ಜಾಯಿಂಟ್ ಒಣಗಲಿ, ಆಮೇಲೆ ಮೊದಲು ತಣ್ಣೀರು ಬಿಟ್ಟು ಸೋರಿಕೆ ನೋಡಿ, ಅದಾದ ಮೇಲೆ ಬಿಸಿನೀರು ಬಿಡಿ.